ವೃಕ್ಷಾದನಿಯೋ ವೃಕ್ಷರುಹೆಯೋ?

ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಹಳೆಯ ಮಾವಿನ ಮರವಿದೆ. ಹುಣಸೂರಿಗೆ ಎರಡು ಹರದಾರಿ ದೂರದ ಈ ಹಳ್ಳಿಗೆ ನಮ್ಮ ತಾತನವರು ಬಂದು ನೆಲೆಸಿದ ವರ್ಷದಲ್ಲಿ ಅದನ್ನು ನೆಟ್ಟರೆಂದು ಹೇಳುವರು. ಹಣ್ಣಾದರೆ ಬರಿಯ ನಾರು. ಆದರೆ ಉಪ್ಪಿನಕಾಯಿಗೆ ಇದಕ್ಕಿಂತ ಮಿಗಿಲಾದ ಕಾಯಿ ಈ ಸೀಮೆಯಲ್ಲಿಯೇ ಇಲ್ಲವೆಂಬುದು ನಮ್ಮ ಮನೆಯವರ ಸಿದ್ಧಾಂತ. ಆ ಸಿದ್ಧಾಂತಕ್ಕೆ ಪೂರ್ವಪಕ್ಷವನ್ನೊಡ್ಡುವ ಧೈರ್ಯವು ನನಗೆ ಈವರೆಗೂ ಬಂದಿಲ್ಲ.

ಕಳೆದ ಜ್ಯೇಷ್ಠಮಾಸದ ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆ ಮರದ ಬುಡದಲ್ಲಿ ನನ್ನ ಮಗನೂ, ಮಚ್ಚು ಹಿಡಿದ ಆಳೊಬ್ಬನೂ ನಿಂತಿದ್ದರು. ಮಗನು ಹೇಳಿದನು: “ಅಪ್ಪಾ, ಮರವನ್ನು ಬದನಿಕೆ ತಿಂದುಬಿಟ್ಟಿದೆ. ಮೂರು ವರ್ಷದಿಂದ ಕಾಯಿ ಸರಿಯಾಗಿ ಬಿಟ್ಟಿಲ್ಲ. ಪಕ್ಕದವರು ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಕೇಳುತ್ತಿದ್ದಾರೆ. ಕಡಿಸಿ ಕೊಟ್ಟುಬಿಡೋಣ.” ನಮ್ಮ ಹುಣಸೂರು, ಪಿರಿಯಾಪಟ್ಟಣದ ತಾಲ್ಲೂಕುಗಳಲ್ಲಿ ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್ನುಗಳ ಒಲೆಗೆ ಎಷ್ಟು ಮರಗಳು ಆಹುತಿಯಾಗಿವೆಯೆಂಬುದನ್ನು ಇಲ್ಲಿಯ ವಾಚಕರಿಗೆ ಬೇರೆ ಹೇಳಬೇಕಾದುದಿಲ್ಲ.

“ಬದನಿಕೆ ಎಲ್ಲಿದೆ?” ಎಂದು ಕೇಳಿದೆನು. ಅವನು ಬೆರಳಿಟ್ಟು ತೋರಿಸಿದ್ದು ಬದನಿಕೆಯನ್ನಲ್ಲ. ದೊಡ್ಡ ಕವಲುಗಳಲ್ಲಿ ಕಂದುಬಣ್ಣದ ಒಣಗಿದ ಎಲೆಗಳನ್ನು ಹೊದ್ದು, ಒಣ ಕಡ್ಡಿಗಳನ್ನು ನಿಲ್ಲಿಸಿಕೊಂಡು ಕುಳಿತಿದ್ದ ಒಂದು ಜರಿಗಿಡವನ್ನು. “ಇದು ಬದನಿಕೆ ಎಂದು ನಿನಗೆ ಯಾರು ಹೇಳಿದರು?” ಎಂದೆನು. ಅವನು ನನ್ನ ಮುಖವನ್ನು ಆಶ್ಚರ್ಯದಿಂದ ನೋಡಿ, “ನೀವೇ ಅಲ್ಲವೆ ಹೇಳಿದ್ದು? ನನಗೊಬ್ಬನಿಗೇ ಅಲ್ಲ, ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿದ್ದೀರಿ” ಎಂದನು.

ಮಾತು ನಿಜ. ಆ ಮಾತಿನ ಕಥೆಯನ್ನೂ, ಅದರಿಂದ ನನಗಾದ ಪಾಠವನ್ನೂ ಬರೆದಿಡುವುದು ನನ್ನ ಕರ್ತವ್ಯವೆಂದು ತೋರಿದುದರಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ.

ಮೊದಲು ಈ ಗಿಡದ ಪರಿಚಯವನ್ನು ಮಾಡಿಕೊಡುವೆನು. ನಮ್ಮ ಕಡೆಯ ಮರಗಳ ಮೇಲೂ ನೆರಳಿರುವ ಬಂಡೆಗಳ ಮೇಲೂ ಇದನ್ನು ನೋಡದವರಾರೂ ಇರಲಾರರು. ನೋಡಿ ನಿಂತವರು ಮಾತ್ರ ಕಡಿಮೆ. ನಾಗರಹೊಳೆಯ ಕಾಡಿನಲ್ಲಿ, ಕಾಕನಕೋಟೆಯ ಕಡೆಯ ಮತ್ತಿ ಹೊನ್ನೆಗಳ ಮೇಲೆ ಇದು ಧಾರಾಳವಾಗಿ ಬೆಳೆಯುವುದು. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನು ಹತ್ತುವಾಗ ಬಂಡೆಯ ಸಂದುಗಳಲ್ಲಿ ಇದನ್ನು ಕಂಡಿದ್ದೇನೆ. ಮೂಡಲಿಗೆ ಹೋದಂತೆ ಮಳೆ ಕಡಿಮೆಯಾಗುವಲ್ಲಿ ಇದೂ ಕಡಿಮೆಯಾಗಿ, ಕೃಷ್ಣರಾಜನಗರದ ಬಯಲಿನಲ್ಲಿ ಕಾಣುವುದೇ ಅಪರೂಪ; ಚುಂಚನಕಟ್ಟೆಯ ಹಾಗೆ ಕಾವೇರಿಯ ತೇವವಿರುವ ಎಡೆಗಳಲ್ಲಿ ಹಳೆಯ ಮರಗಳನ್ನು ಹುಡುಕಿಕೊಂಡು ಕುಳಿತಿರುವುದು. ನಾನು ಇದನ್ನು ಮರಜರಿ ಎಂದು ಕರೆಯುವೆನು.

ಇದರ ವಿಶೇಷವೆಂದರೆ, ಒಂದೇ ಗಿಡಕ್ಕೆ ಎರಡು ಬಗೆಯ ಎಲೆಗಳು. ಹೆಬ್ಬೆರಳಿನ ಗಾತ್ರದ, ಕಂದು ಪೊರೆಗಳಿಂದ ರೋಮಮಯವಾದ ಕಾಂಡವು ತೊಗಟೆಯ ಮೇಲೆ ಹರಿದುಕೊಂಡು ಹೋಗುವುದು. ಅದರಿಂದ ಹೊರಡುವ ಮೊದಲನೆಯ ಬಗೆಯ ಎಲೆಗೆ ತೊಟ್ಟಿಲ್ಲ. ಗೇಣುದ್ದ ಬೆಳೆದು, ಅಂಚು ಸೀಳಿಕೊಂಡು, ಬೊಗಸೆಯಂತೆ ಕಾಂಡವನ್ನು ಮುಚ್ಚಿ ನಿಲ್ಲುವುದು. ಹುಟ್ಟುವಾಗ ಹಸುರಾಗಿದ್ದರೂ ಸ್ವಲ್ಪ ಕಾಲದಲ್ಲಿಯೇ ಹಸುರನ್ನು ಕಳೆದುಕೊಂಡು ಓಲೆಗರಿಯಂತೆ ಬಿರುಸಾಗುವುದು. ಆದರೆ ಬೀಳುವುದಿಲ್ಲ, ವರ್ಷಗಟ್ಟಲೆ ಹಾಗೆಯೇ ನಿಂತಿರುವುದು. ಎರಡನೆಯ ಬಗೆಯ ಎಲೆಯು ಮೊಳದಿಂದ ಎರಡು ಮೊಳದವರೆಗೆ ಉದ್ದವಾಗಿ, ತೊಟ್ಟಿನಮೇಲೆ ಎದ್ದು, ಬಾಚಣಿಗೆಯಂತೆ ಸೀಳಿ, ಕಡುಹಸುರಾಗಿ ಮೆರೆಯುವುದು. ಬೇಸಗೆಯಲ್ಲಿ ಇದರ ಸೀಳುಗಳು ಒಂದೊಂದಾಗಿ ಕಳಚಿಬಿದ್ದು ನಡುವಣ ದಂಟು ಮಾತ್ರ ಕಡ್ಡಿಯಾಗಿ ಉಳಿಯುವುದು. ಆಗ ನೋಡಿದವರು ಗಿಡ ಸತ್ತಿತೆಂದೇ ಎಣಿಸುವರು. ಮುಂಗಾರು ನಾಲ್ಕು ದಿನ ಹಿಡಿದರೆ ಸಾಕು, ಆ ಕಂದು ರಾಶಿಯ ನಡುವಿನಿಂದ ಹೊಸ ಎಲೆಗಳು ಸುರುಳಿ ಬಿಚ್ಚುತ್ತ ಮೇಲೇಳುವುವು.

ಮಹಾರಾಷ್ಟ್ರದವರು ಇದನ್ನು ಬಾಶಿಂಗ ಎನ್ನುವರು. ಮದುವೆಯಲ್ಲಿ ಹಣೆಗೆ ಕಟ್ಟುವ ನಮ್ಮ ಬಾಸಿಂಗವೇ ಅದು. ಮರದ ನೊಸಲಿಗೆ ಸುತ್ತಿಕೊಂಡ ಈ ಗಿಡವನ್ನು ಒಮ್ಮೆ ನೋಡಿದರೆ ಹೆಸರಿನ ಔಚಿತ್ಯವು ಹೊಳೆಯುವುದು. ಈಚಿನ ಔಷಧಿಗ್ರಂಥಗಳು ಅಶ್ವಕತ್ರೀ ಎಂಬ ಸಂಸ್ಕೃತನಾಮವನ್ನು ಕೊಡುತ್ತವೆ. 1753ರಲ್ಲಿ ಲಿನ್ನೇಯಸ್ ಪಂಡಿತನು ಇದರ ಬೊಗಸೆಯೆಲೆಯು ಯೂರೋಪಿನ ಓಕ್ ಮರದ ಎಲೆಯನ್ನು ಹೋಲುವುದೆಂದು ‘ಓಕಿನ ಎಲೆಯುಳ್ಳದ್ದು’ ಎಂಬರ್ಥದ ಹೆಸರನ್ನಿಟ್ಟನು. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಸ್ಮಿತ್ ಎಂಬವನು ಇದನ್ನು ಡ್ರೈನೇರಿಯ ಎಂಬ ಕುಲಕ್ಕೆ ಸೇರಿಸಿದನು. ಆ ಗ್ರೀಕ್ ಮಾತಿಗೂ ಓಕಿನ ಸಂಬಂಧವೇ. ಹೀಗೆ ಇದರ ಶಾಸ್ತ್ರೀಯನಾಮವು ಡ್ರೈನೇರಿಯ ಕ್ವೆರ್ಸಿಫೋಲಿಯ, ಎಂದರೆ ಓಕಿನಂಥದಾದ ಓಕಿನೆಲೆಯ ಗಿಡ. ನಮ್ಮ ಅಲಂಕಾರಶಾಸ್ತ್ರದ ಗುರುಗಳಾಗಿದ್ದರೆ ಪುನರುಕ್ತಿದೋಷವೆಂದು ಕೂಡಲೆ ಗೆರೆಯೆಳೆಯುತ್ತಿದ್ದರು.

ಇನ್ನು ನನ್ನ ಕಥೆ. ಮೈಸೂರಿನ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದವನು ನಾನು. ಅದರ ವನೌಷಧಿವರ್ಗದಲ್ಲಿ ವಂದಾ ಎಂಬ ಸಸ್ಯಕ್ಕೆ ವೃಕ್ಷಾದನೀ, ವೃಕ್ಷರುಹಾ ಎಂಬಿವು ಪರ್ಯಾಯಗಳಾಗಿ ಬರುತ್ತವೆ. ಕನ್ನಡದಲ್ಲಿ ಇದಕ್ಕೆ ಬದನಿಕೆ ಎಂದು ಅರ್ಥ ಹೇಳಿಸಿಕೊಂಡಿದ್ದೆವು. ವೃಕ್ಷಾದನೀ ಎಂದರೆ ಮರವನ್ನು ತಿನ್ನುವುದು. ವೃಕ್ಷರುಹಾ ಎಂದರೆ ಮರದ ಮೇಲೆ ಬೆಳೆಯುವುದು. ಬದನಿಕೆಗೆ ಎರಡು ಹೆಸರುಗಳೂ ಸಲ್ಲುವುವು. ಆದರೆ ಎರಡು ಪದಗಳು ಒಂದೆಡೆ ಕುಳಿತಿದ್ದುದರಿಂದ ನನ್ನ ಬಾಲಬುದ್ಧಿಯು ಒಂದು ವ್ಯಾಪ್ತಿಯನ್ನು ತಾನೇ ಕಲ್ಪಿಸಿಕೊಂಡಿತು: ಯಾವುದು ಯಾವುದು ಮರದ ಮೇಲೆ ಬೆಳೆಯುವುದೋ ಅದು ಅದು ಮರವನ್ನು ತಿನ್ನುವುದು. ಇದು ಅಮರಸಿಂಹನ ತಪ್ಪಲ್ಲ, ನನ್ನದು. ಈ ಹೇತ್ವಾಭಾಸವನ್ನು ತಲೆಯಲ್ಲಿಟ್ಟುಕೊಂಡೇ ನಾನು 1983ರಲ್ಲಿ ಉಪಾಧ್ಯಾಯನಾದೆನು.

1986ರ ಜುಲೈ ತಿಂಗಳು. ಪಿರಿಯಾಪಟ್ಟಣದ ಕಡೆ, ಕಾಡಂಚಿನ ಒಂದು ಶಾಲೆಯಲ್ಲಿ ನಾನಿದ್ದೆನು. ವನಮಹೋತ್ಸವದ ದಿವಸ. ಸಸಿಗಳನ್ನು ನೆಟ್ಟಾದ ಮೇಲೆ ಹೊತ್ತು ಉಳಿದಿತ್ತು. ಶಾಲೆಯ ಅಂಗಳದಲ್ಲಿ ಹಳೆಯ ಮಾವು ಹಲಸಿನ ಮರಗಳು ಹನ್ನೆರಡಿದ್ದುವು. ಎಲ್ಲದರ ಮೇಲೂ ಮರಜರಿ ಆಗತಾನೆ ಚಿಗುರಿ ನಿಂತಿತ್ತು. “ಹೊಸ ಗಿಡಗಳನ್ನು ನೆಟ್ಟರೆ ಸಾಲದು, ಹಳೆಯ ಮರಗಳನ್ನೂ ಕಾಪಾಡಬೇಕು. ಅವನ್ನು ತಿನ್ನುತ್ತಿರುವ ಈ ಬದನಿಕೆಯನ್ನೆಲ್ಲ ಕಿತ್ತುಹಾಕಿರಿ” ಎಂದು ಒಂದು ಸಣ್ಣ ಉಪನ್ಯಾಸವನ್ನೇ ಮಾಡಿದೆನು. ಹುಡುಗರಿಗೆ ಮರ ಹತ್ತಲು ಮೇಷ್ಟರ ಅಪ್ಪಣೆಗಿಂತ ಹೆಚ್ಚಿನ ಭಾಗ್ಯವೇನು? ಕುಡುಗೋಲು ಕೋಲುಗಳನ್ನು ಹಿಡಿದು ಏರಿದರು. ಒಂದು ಗಂಟೆಯಲ್ಲಿ ಅಂಗಳದ ತುಂಬ ಹಸುರೆಲೆಗಳೂ, ಕಂದೆಲೆಗಳೂ, ಕಪ್ಪುಮಣ್ಣೂ ಹರಡಿಹೋದುವು.

ಒಬ್ಬ ಹುಡುಗನು ಮಾತ್ರ ಏರದೆ ನಿಂತಿದ್ದನು. ಜೇನುಕುರುಬರ ಹಾಡಿಯಿಂದ ನಡೆದು ಬರುತ್ತಿದ್ದ, ಹನ್ನೆರಡು ವರ್ಷದ, ತರಗತಿಯಲ್ಲಿ ಬಾಯಿ ಬಿಡದಿದ್ದ ಹುಡುಗ. ಜೇನಿಗಾಗಿ ಮರವೇರುವುದರಲ್ಲಿ ಹೆಸರಾದ ಜನದವನು ಮರವೇರದೆ ನಿಂತುದು ನನಗೆ ಮೊಂಡತನವಾಗಿ ಕಂಡಿತು. ಏಕೆಂದು ಗದರಿಸಿದೆನು. ಅವನು ನೆಲವನ್ನು ನೋಡುತ್ತ, “ಅದು ಮರ್ವ ತಿನ್ನಾಕಿಲ್ಲ ಸಾ. ಸುಮ್ಕೆ ಮ್ಯಾಲೆ ಕುಂತದೆ. ಉದುರೋ ಎಲೆನೇ ಅದ್ಕೆ ಅನ್ನ” ಎಂದನು. ಉಳಿದ ಹುಡುಗರು ನಕ್ಕರು. ಉಪನ್ಯಾಸ ಮಾಡಿದ ಬಾಯಿ ಆರುವ ಮೊದಲೇ ಎದುರುಮಾತು. ನನಗೆ ಇಪ್ಪತ್ತೆಂಟು ವರ್ಷ ವಯಸ್ಸು. ಅವನ ಅಂಗೈಗೆ ಎರಡು ಏಟು ಕೊಟ್ಟೆನು. ಅವನು ಅಳಲಿಲ್ಲ. ಕೈಯನ್ನು ಚಡ್ಡಿಗೆ ಒರಸಿಕೊಂಡು, ಕೆಳಗೆ ಬಿದ್ದಿದ್ದ ಗಡ್ಡೆಗಳಲ್ಲಿ ಒಂದನ್ನೆತ್ತಿ ಬೇಲಿಯ ಬಂಡೆಯ ಸಂದಿಗೆ ಸೇರಿಸಿ ತನ್ನ ಜಾಗಕ್ಕೆ ಹೋಗಿ ನಿಂತನು.

ದಸರೆಯ ರಜಾ ಮುಗಿದ ಮೇಲೆ ಆ ಹುಡುಗನು ಶಾಲೆಗೆ ಬರಲಿಲ್ಲ. ಹಾಡಿಯ ಮಕ್ಕಳು ಹೀಗೆ ನಡುವೆ ಬಿಟ್ಟುಹೋಗುವುದು ಆಗ ಸಾಮಾನ್ಯವಾಗಿತ್ತು. ಹಾಜರಿಯ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆಯನ್ನೆಳೆದು ನಾನೂ ಮರೆತೆನು.

ಮೂವತ್ತಮೂರು ವರ್ಷಗಳು ಕಳೆದುವು. 2018ರಲ್ಲಿ ನಿವೃತ್ತನಾಗಿ ಹಳ್ಳಿಗೆ ಬಂದೆನು. ಮರುವರ್ಷ, 2019ರ ಆಗಸ್ಟಿನಲ್ಲಿ, ಲಕ್ಷ್ಮಣತೀರ್ಥವು ಉಕ್ಕಿ ಹರಿದ ಆ ದೊಡ್ಡ ಮಳೆಯ ದಿನಗಳಲ್ಲಿ ನಮ್ಮ ಮಾವಿನ ಒಂದು ದೊಡ್ಡ ಕೊಂಬೆ ಮುರಿದು ಹಿತ್ತಲಿಗೆ ಬಿದ್ದಿತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಕೊಂಬೆಯ ಬುಡದ ಕಡೆ ಮರಜರಿಯ ಒಂದು ಹಿಂಡು, ತುದಿಯ ಕಡೆ ಬದನಿಕೆಯ ಒಂದು ಕಂತೆ; ಎರಡೂ ಒಂದೇ ಕೊಂಬೆಯಲ್ಲಿ, ನನ್ನ ಪಾದದ ಹತ್ತಿರದಲ್ಲಿ. ಸುಮ್ಮನೆ ಬಗ್ಗಿ ಜರಿಯನ್ನು ಹಿಡಿದೆಳೆದೆನು. ಕಂಬಳಿಯನ್ನು ಮಡಿಸಿದಂತೆ ಅದು ಎದ್ದುಬಂದಿತು. ಅದರ ಬೇರುಗಳೆಲ್ಲ ತೊಗಟೆಯ ಮೇಲ್ಗಡೆಯಲ್ಲಿಯೇ ಹೆಣೆದುಕೊಂಡಿದ್ದುವು. ಕೆಳಗಣ ತೊಗಟೆಗೆ ಒಂದು ಗಾಯವಾದರೂ ಇರಲಿಲ್ಲ. ಬಳಿಕ ಬದನಿಕೆಯನ್ನೆಳೆದೆನು. ಅದು ಬರಲಿಲ್ಲ. ಮಚ್ಚಿನಿಂದ ಸೀಳಿಸಿ ನೋಡಿದರೆ ಅದು ಸೇರಿದೆಡೆಯಲ್ಲಿ ಕೊಂಬೆಯು ಗಂಟಿನಂತೆ ಊದಿ, ಬದನಿಕೆಯ ಮರವೆಲ್ಲಿ ಮುಗಿಯಿತು ಮಾವಿನ ಮರವೆಲ್ಲಿ ಮೊದಲಾಯಿತೆಂದು ಹೇಳಲಾರದಂತೆ ಎರಡೂ ಬೆಸೆದುಹೋಗಿದ್ದುವು.

ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಜರಿಯ ಬೊಗಸೆಯೆಲೆಗಳನ್ನು ಒಂದೊಂದಾಗಿ ಬಿಡಿಸಿದೆನು. ಒಳಗೆ ಏನೇನಿತ್ತು! ಮಾವಿನ ಹಳೆಯ ಎಲೆಗಳು, ಹೂವಿನ ಒಣಗೊನೆಗಳು, ತೊಗಟೆಯ ಪುಡಿ, ಹಕ್ಕಿಯ ಹಿಕ್ಕೆ, ಧೂಳು. ಎಲ್ಲವೂ ಕೊಳೆತು, ಕೈಗೆ ತಣ್ಣಗೆ ತಗಲುವ ಕಪ್ಪು ಗೊಬ್ಬರವಾಗಿ, ಅದರೊಳಗೆ ಇರುವೆಗಳೂ ಎರೆಹುಳುವೊಂದೂ ವಾಸವಾಗಿದ್ದುವು. ಜರಿಯ ಬೇರುಗಳೆಲ್ಲ ಮುಖಮಾಡಿದ್ದುದು ಅದರ ಕಡೆಗೆ, ಮರದ ಕಡೆಗಲ್ಲ. ಉದುರುವ ಎಲೆಯೇ ಅದಕ್ಕೆ ಅನ್ನ. ಆ ಮಾತು ಆ ಧ್ವನಿಯಲ್ಲಿಯೇ ನನಗೆ ಕೇಳಿಸಿತು.

ಆ ಮೇಲೆ ಪುಸ್ತಕಗಳನ್ನು ತರಿಸಿ ಓದಿದೆನು. ಬದನಿಕೆಯದು ಪರಾವಲಂಬಿಯ ವೃತ್ತಿ. ಅದರ ಅಂಟುಬೀಜವನ್ನು ಬದನಿಕೆ ಹಕ್ಕಿಯು ಕೊಂಬೆಗೆ ತಂದು ಒರಸುವುದು. ಮೊಳೆತ ಬೀಜವು ಮರದ ಒಳಕ್ಕೆ ಹೀರುಬೇರನ್ನಿಳಿಸಿ ಅದರ ನೀರನ್ನೂ ಲವಣಗಳನ್ನೂ ಸೆಳೆದುಕೊಳ್ಳುವುದು. ಮರಜರಿಯಾದರೋ ಶಾಸ್ತ್ರಜ್ಞರು ಅಪ್ಪುಸಸ್ಯವೆಂದು ಕರೆಯುವ ವರ್ಗದ್ದು. ಅದಕ್ಕೆ ಮರದಿಂದ ಬೇಕಾದುದು ಒಂದು ನೆಲೆ, ಸ್ವಲ್ಪ ನೆರಳು, ಸ್ವಲ್ಪ ಬೆಳಕು. ಬಂಡೆಯ ಮೇಲೆಯೂ ಅದು ಅಷ್ಟೇ ಸುಖವಾಗಿ ಬೆಳೆಯುವುದೇ ಇದಕ್ಕೆ ಸಾಕ್ಷಿ. ಬಂಡೆಯಲ್ಲಿ ತಿನ್ನಲು ಏನಿದೆ? ಈ ಸರಳವಾದ ಅನುಮಾನವನ್ನಾದರೂ ನಾನು ಬೆಟ್ಟದಪುರದ ಮೆಟ್ಟಿಲ ಮೇಲೆ ಮಾಡಬಹುದಾಗಿತ್ತು. ತೇವ ತುಂಬಿದ ದೊಡ್ಡ ಹಿಂಡಿನ ಭಾರಕ್ಕೆ ಟೊಳ್ಳಾದ ಕೊಂಬೆಯು ಮುರಿಯಬಹುದು. ಆ ಮಟ್ಟಿಗೆ ಅದು ನಿರಪರಾಧಿಯೆಂದು ಹೇಳಲಾರೆನು. ಆದರೆ ಭಾರವಾಗುವುದು ಬೇರೆ, ಹೀರುವುದು ಬೇರೆ.

ಹೂವೂ ಹಣ್ಣೂ ಇಲ್ಲದ ಈ ಗಿಡದ ಸಂತತಿಯ ಬಗೆಯೂ ವಿಚಿತ್ರವಾದುದು. ನಮ್ಮ ಪ್ರಾಚೀನರು ವನಸ್ಪತಿ, ವೃಕ್ಷ, ಓಷಧಿ ಎಂಬ ವಿಭಾಗವನ್ನು ಹೂವು ಹಣ್ಣುಗಳ ಮೇಲೆಯೇ ಮಾಡಿದರು. ಜರಿಗೆ ಈ ಮೂರರಲ್ಲಿಯೂ ಎಡೆಯಿಲ್ಲ. ಹಸುರೆಲೆಯ ಬೆನ್ನಿನಲ್ಲಿ ಸಾಲುಸಾಲಾಗಿ ಕಾಣುವ ಕಂದು ಚುಕ್ಕೆಗಳಿಂದ ಹಿಟ್ಟಿನಂಥ ಬೀಜಕಣಗಳು ಗಾಳಿಗೆ ಹಾರುವುವು. ತೇವವಾದ ತೊಗಟೆಗೆ ತಗುಲಿದ ಕಣವು ಮೊದಲು ಉಗುರಿಗಿಂತ ಕಿರಿದಾದ, ಹೃದಯದ ಆಕಾರದ ಒಂದು ಹಸುರು ಬಿಲ್ಲೆಯಾಗುವುದು. ಅದರ ಮೇಲೆ ಮಳೆಯ ನೀರಿನ ಪೊರೆಯಲ್ಲಿ ಸ್ತ್ರೀಪುರುಷಾಂಶಗಳು ಕೂಡಿದ ಬಳಿಕ ನಿಜವಾದ ಜರಿ ಹುಟ್ಟುವುದು. ಈ ಎರಡು ತಲೆಮಾರುಗಳ ಸರದಿಯನ್ನು 1851ರಲ್ಲಿ ಜರ್ಮನಿಯ ಹಾಫ್‌ಮೈಸ್ಟರನು ತೋರಿಸಿಕೊಟ್ಟನು. ಜರಿಗಳ ವಂಶವು ಮೂವತ್ತೈದು ಕೋಟಿ ವರ್ಷಗಳಿಗೂ ಹಿಂದಿನದು; ಹೂಬಿಡುವ ಮರಗಳಿಗಿಂತ ಬಹಳ ಹಳೆಯದು. ಆದರೂ ಇಂದು ಕಾಣುವ ಜರಿಗಳಲ್ಲಿ ಬಹುಭಾಗವು ಹೂಮರಗಳ ಕಾಡುಗಳು ಹರಡಿದ ಮೇಲೆ, ಅವುಗಳ ನೆರಳಿನಲ್ಲಿ ಕವಲೊಡೆದುವೆಂದು 2004ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಹಿರಿಯ ವಂಶವು ಕಿರಿಯ ವಂಶದ ಆಸರೆಯಲ್ಲಿ ಬಾಳುವುದೆಂದರೆ ಇದೇ.

ಈ ವಾಕ್ಯವನ್ನು ಬರೆಯುವಾಗ ಲೇಖನಿ ಸ್ವಲ್ಪ ತಡೆಯಿತು. ನಿವೃತ್ತನಾಗಿ ಮಗನ ಸಂಸಾರದೊಡನೆ ಇರುವವನಿಗೆ, ಸಂಜೆ ಜಗುಲಿಯಲ್ಲಿ ಒಬ್ಬನೇ ಕುಳಿತಾಗ, ತಾನು ಯಾವ ವರ್ಗದ ಸಸ್ಯವೆಂಬ ಪ್ರಶ್ನೆ ಏಳದೆ ಇರುವುದಿಲ್ಲ. ಆ ಬೊಗಸೆಯೆಲೆಯಲ್ಲಿ ಹಸುರಿಲ್ಲ. ಬಿಸಿಲಿನಿಂದ ಅನ್ನವನ್ನು ಮಾಡುವ ಕಾಲವು ಅದಕ್ಕೆ ಮುಗಿಯಿತು. ಆದರೂ ಬೀಳುವುದನ್ನು ಹಿಡಿದಿಟ್ಟುಕೊಂಡು ತೇವವನ್ನು ಕಾಯುವುದಕ್ಕೆ ಅದು ಬೇಕು. ಇದಕ್ಕಿಂತ ಹೆಚ್ಚಿನ ಸಮಾಧಾನವನ್ನು ನಾನು ಅದರಿಂದ ಬೇಡಲಿಲ್ಲ.

ಔಷಧದ ಮಾತನ್ನೂ ಹೇಳಿಬಿಡುವೆನು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಇದರ ರೋಮಮಯವಾದ ಕಾಂಡವನ್ನು ‘ಮುಡವನ್ ಆಟ್ಟುಕ್ಕಾಲ್’, ಎಂದರೆ ಕುಂಟನ ಆಡುಗಾಲು, ಎಂಬ ಹೆಸರಿನಿಂದ ಮಾರುವರು. ಕೀಲುನೋವಿಗೆ ಇದರ ಸಾರನ್ನು ಕುಡಿಯುವ ರೂಢಿಯಿದೆ. ನನ್ನ ಮೊಣಕಾಲಿನ ಮೇಲೆ ಮರುಕಪಟ್ಟು ಒಬ್ಬ ಸ್ನೇಹಿತರು ಎರಡು ತುಂಡುಗಳನ್ನು ಕೊಂಡುತಂದರು. ಕೂದಲು ಸಮೇತವಾದ ಆಡುಗಾಲಿನಂತೆಯೇ ಇದ್ದ ಆ ವಸ್ತುವನ್ನು ಕಂಡು ನಮ್ಮ ಮನೆಯವರು ಅಡಿಗೆಮನೆಯ ಬಾಗಿಲಿಗೆ ಅಡ್ಡನಿಂತರು. ಇದು ಸಸ್ಯವೆಂದು ಸಾಧಿಸುವುದಕ್ಕೆ ನಾನು ಕಲಿತ ತರ್ಕವೆಲ್ಲ ವೆಚ್ಚವಾಯಿತು, ಸಾರು ಆಗಲಿಲ್ಲ. ಚೀಣದೇಶದವರು ಇದೇ ಕುಲದ ಬೇರೊಂದು ಜರಿಯನ್ನು ‘ಮುರಿದ ಮೂಳೆಯನ್ನು ಸರಿಮಾಡುವುದು’ ಎಂಬರ್ಥದ ಹೆಸರಿನಿಂದ ಬಳಸುವರು. ಕೀಲುನೋವಿನವರು ಬಲ್ಲ ವೈದ್ಯರನ್ನು ಕೇಳದೆ ಇದಕ್ಕೆ ಕೈಯಿಡಬಾರದು. ಕಾಡಿನಿಂದ ಮೂಟೆಗಟ್ಟಲೆ ಕಿತ್ತು ಮಾರುವುದಂತೂ ಸಲ್ಲದು: ಕಾಂಡ ಹೋದರೆ ವರ್ಷಗಳಿಂದ ಕೂಡಿಟ್ಟ ಮಣ್ಣೂ ಅದರೊಡನೆಯೇ ಹೋಗುವುದು.

ನನ್ನನ್ನು ಹೆಚ್ಚು ಕಾಡಿದುದು ಬೇರೆ ವಿಷಯ. ಪಾಠಶಾಲೆಯಲ್ಲಿ ನಾವು ನ್ಯಾಯದರ್ಶನದ ಪ್ರಮಾಣಗಳನ್ನು ಓದಿದ್ದೆವು. ಶಬ್ದವು ಪ್ರಮಾಣವಾಗುವುದು ಆಪ್ತನ ಬಾಯಿಂದ ಬಂದಾಗ. ಆಪ್ತನೆಂದರೆ ವಸ್ತುವನ್ನು ತಾನು ಕಂಡು ತಿಳಿದು, ತಿಳಿದಂತೆ ಹೇಳತಕ್ಕವನು. ಈ ಲಕ್ಷಣವು ಋಷಿಗೂ, ಆರ್ಯನಿಗೂ, ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಸ್ಪಷ್ಟವಾಗಿಯೇ ಹೇಳಿದ್ದಾನೆ. ಕುಲವನ್ನೂ ವಿದ್ಯೆಯನ್ನೂ ಅವನು ಕೇಳಲಿಲ್ಲ. ಕಂಡಿದ್ದಾನೆಯೆ ಎಂಬುದೊಂದನ್ನೇ ಕೇಳಿದನು. ಈ ವಾಕ್ಯವನ್ನು ಪರೀಕ್ಷೆಯಲ್ಲಿ ಬರೆದು ನಾನು ಒಳ್ಳೆಯ ಅಂಕಗಳನ್ನು ಪಡೆದಿದ್ದೆನು. ಆದರೆ 1986ರ ಆ ದಿವಸ ಶಾಲೆಯ ಅಂಗಳದಲ್ಲಿ ಇದ್ದ ಒಬ್ಬನೇ ಆಪ್ತನ ಅಂಗೈಗೆ ನಾನು ಬೆತ್ತವನ್ನೆತ್ತಿದೆನು. ಅವನು ಮರದ ಮೇಲೆ ಕುಳಿತು ಆ ಗಿಡವನ್ನು ಕಂಡವನು. ನಾನು ಕೋಶದಲ್ಲಿ ಒಂದು ಪದವನ್ನು ಕಂಡವನು.

ಇದೇ ಮರಜರಿಯ ಚರಿತ್ರೆಯಲ್ಲಿ ಇನ್ನೊಂದು ಬಗೆಯ ನಡತೆಯೂ ಇದೆ. ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೇಡೆ ಎಂಬವನು ಮಲಬಾರಿನ ಸಸ್ಯಗಳ ಮೇಲೆ ‘ಹೋರ್ತುಸ್ ಮಲಬಾರಿಕುಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥವನ್ನು ಸಿದ್ಧಪಡಿಸಿದನು. ಅದು 1678ರಿಂದ 1693ರವರೆಗೆ ಅಚ್ಚಾಯಿತು. ಕಡೆಯ ಸಂಪುಟದಲ್ಲಿ ನಮ್ಮ ಮರಜರಿಯ ಚಿತ್ರವು ಮಲೆಯಾಳದ ಹೆಸರಿನೊಡನೆಯೇ ಇದೆ. ಆ ಗ್ರಂಥಕ್ಕೆ ಸಸ್ಯಗಳ ಹೆಸರನ್ನೂ ಗುಣವನ್ನೂ ಹೇಳಿದವರಲ್ಲಿ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರಿದ್ದರು; ಅವರಿಗಿಂತ ಮುಖ್ಯನಾಗಿ ಈಳವರ ವೈದ್ಯನಾದ ಇಟ್ಟಿ ಅಚ್ಯುತನಿದ್ದನು. 1675ರಲ್ಲಿ ಅವನು ತನ್ನ ಲಿಪಿಯಲ್ಲಿ ಬರೆದುಕೊಟ್ಟ ಸಾಕ್ಷ್ಯವನ್ನು ಮೊದಲನೆಯ ಸಂಪುಟದಲ್ಲಿಯೇ ಹಾಗೆಯೇ ಅಚ್ಚುಹಾಕಿದರು. ಪರದೇಶದವನು, ವ್ಯಾಪಾರಕ್ಕೆ ಬಂದವನು. ಆದರೂ ಬಲ್ಲವನನ್ನು ಕೇಳಿ ಬರೆದುಕೊಂಡನು. ನಾನು ಈ ನೆಲದವನೇ ಆಗಿ, ಕೇಳದೆಯೇ ಬಂದ ಜ್ಞಾನವನ್ನು ಹೊಡೆದು ಕಳುಹಿಸಿದೆನು.

ಇಷ್ಟೆಲ್ಲ 2019ರಲ್ಲಿಯೇ ತಿಳಿಯಿತಲ್ಲ, ಮಗನಿಗೇಕೆ ಹೇಳಲಿಲ್ಲವೆಂದು ವಾಚಕರು ಕೇಳಬಹುದು. ನಾಚಿಕೆಯಾಯಿತು. ಮೂವತ್ತೈದು ವರ್ಷ ಪಾಠ ಹೇಳಿದವನು ತಪ್ಪು ಹೇಳಿದ್ದೆನೆಂದು ಹೇಳಿಕೊಳ್ಳುವುದು ಸುಲಭವಲ್ಲ. ಮೊದಲನೆಯ ತಪ್ಪನ್ನು ತಿಳಿಯದೆ ಮಾಡಿದೆನು. ಈ ಎರಡನೆಯದನ್ನು ತಿಳಿದೇ ಮಾಡಿದೆನು. ಅದರ ಫಲವಾಗಿಯೇ ಮಚ್ಚು ಹಿಡಿದ ಆಳು ಮರದ ಬುಡಕ್ಕೆ ಬಂದು ನಿಂತಿದ್ದನು.

ಅಂದು ಏಣಿಯನ್ನು ತರಿಸಿ, ಮೊಣಕಾಲಿನ ನೋವನ್ನು ಮರೆತು, ನಾಲ್ಕು ಮೆಟ್ಟಿಲು ನಾನೇ ಹತ್ತಿದೆನು. ಮಗನನ್ನು ಪಕ್ಕದ ಕವಲಿಗೆ ಹತ್ತಿಸಿ, ಜರಿಯ ಅಂಚನ್ನು ಎತ್ತಿ ಕೆಳಗಣ ತೊಗಟೆಯನ್ನು ಮುಟ್ಟಿ ನೋಡೆಂದೆನು. ಬೊಗಸೆಯೊಳಗಣ ಮಣ್ಣಿಗೆ ಕೈಹಾಕಿಸಿದೆನು. ಆಮೇಲೆ 1986ರ ಕಥೆಯನ್ನು, ಎರಡು ಏಟುಗಳನ್ನೂ ಬಿಡದೆ, ಅಲ್ಲಿಯೇ ಹೇಳಿದೆನು. ಅವನು ಬಹಳ ಹೊತ್ತು ಏನೂ ಹೇಳಲಿಲ್ಲ. ಕಡೆಗೆ, “ಹಾಗಾದರೆ ಕಾಯಿ ಯಾಕೆ ಬಿಡುತ್ತಿಲ್ಲ?” ಎಂದನು. ಒಳ್ಳೆಯ ಪ್ರಶ್ನೆ, ಕೆಳಗೆ ನಿಂತು ಉತ್ತರಿಸತಕ್ಕದ್ದಲ್ಲ. ಆಳನ್ನು ಮೇಲಕ್ಕೆ ಹತ್ತಿಸಿ ನೋಡಿಸಿದಾಗ ತುದಿಯ ಕೊಂಬೆಗಳ ಮರೆಯಲ್ಲಿ, ಮಾವಿನೆಲೆಗಳ ನಡುವೆ ತಾನೂ ಹಸುರಾಗಿ, ಯಾರ ಕಣ್ಣಿಗೂ ಬೀಳದೆ, ನಿಜವಾದ ಬದನಿಕೆಯ ನಾಲ್ಕು ಕಂತೆಗಳಿದ್ದುವು. ಗಂಟುಗಳಿಗಿಂತ ಕೆಳಗೆ ಕೊಂಬೆಗಳನ್ನು ಕಡಿಸಿದೆವು. ಆ ನಾಲ್ಕು ಕೊಂಬೆಗಳು ಪಕ್ಕದವರ ಬ್ಯಾರನ್ನಿಗೆ ಹೋದುವು, ಮರವು ನಿಂತಿತು. ಫಲ ಹೆಚ್ಚುವುದೋ ಇಲ್ಲವೋ ಮುಂದಿನ ಮಾಘದ ಹೂವು ಹೇಳಬೇಕು.

ಮಗನೇ ಒಂದು ಭಾನುವಾರ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಆ ಹಾಡಿಗೆ ಹೋದನು. ನಾನು ಕಂಡಿದ್ದ ಗುಡಿಸಿಲುಗಳ ಸಾಲು ಅಲ್ಲಿರಲಿಲ್ಲ. ಮುದುಕಿಯೊಬ್ಬಳು ನಾನು ಹೇಳಿದ ಹೆಸರನ್ನು ಗುರುತಿಸಿ, ಆ ಮನೆಯವರು ಕಾಫಿತೋಟದ ಕೆಲಸಕ್ಕೆಂದು ಕೊಡಗಿಗೆ ಹೋಗಿ ವರ್ಷಗಳಾದುವೆಂದಳು. ಯಾವ ತೋಟವೆಂದು ಅವಳಿಗೆ ತಿಳಿಯದು. ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಈ ಪತ್ರಿಕೆಯು ಅವನ ಕೈಗೆ ಸೇರುವುದೆಂಬ ಆಶೆ ನನಗಿಲ್ಲ. ಆದರೆ ಅಂದು ನಕ್ಕ ಹುಡುಗರಲ್ಲಿ ಕೆಲವರು ಇದನ್ನು ಓದುವವರೇ ಆಗಿದ್ದಾರೆ. ಅವರಿಗೆ ಹೇಳುವೆನು: ಅಂದು ಅವನು ಹೇಳಿದುದು ಸರಿ, ನಿಮ್ಮ ಮೇಷ್ಟರು ಹೇಳಿದುದು ತಪ್ಪು.

ಹಿಂದಿರುಗುವಾಗ ಹಳೆಯ ಶಾಲೆಯ ಮುಂದೆ ಇಳಿದೆನು. ಹನ್ನೆರಡು ಮರಗಳಲ್ಲಿ ಐದು ಉಳಿದಿವೆ. ಅವುಗಳ ಮೇಲೆ ಜರಿಯಿಲ್ಲ. ಬೇಲಿಯ ಬಂಡೆಯ ಸಂದಿನಲ್ಲಿ ಮಾತ್ರ ಮರಜರಿಯ ಒಂದು ದೊಡ್ಡ ಹಿಂಡು, ಆಷಾಢದ ಮಳೆಗೆ ತೊಯ್ದು, ಎರಡು ಮೊಳದ ಎಲೆಗಳನ್ನು ಹರಡಿಕೊಂಡು ನಿಂತಿತ್ತು.

ನಿನ್ನೆ ನಮ್ಮ ಹಿತ್ತಲಿನಲ್ಲಿ ಮೊಮ್ಮಗಳು ಮಾವಿನ ಕವಲಿನ ಕಡೆಗೆ ಕೈತೋರಿಸಿ, “ತಾತ, ಅದು ಯಾವ ಗಿಡ?” ಎಂದು ಕೇಳಿದಳು. ಹೆಸರು ನಾಲಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲಿಯೇ ತಡೆದು, ಏಣಿಯನ್ನು ತರುವಂತೆ ಮಗನನ್ನು ಕೂಗಿದೆನು.